ಬೇಲಿಯ ಆಚೆಯಿಂದ ಶುರು ಮಾಡಿ: ಕೀನ್ಯಾದಲ್ಲಿ ಲಾಭರಹಿತ ವನ್ಯಧಾಮ ನಡೆಸುವ ಬಗೆ

ಮೌಂಟ್ ಕೀನ್ಯಾ ಬೆಟ್ಟದ ವಾಯವ್ಯಕ್ಕೆ ಲೈಕಿಪಿಯಾ ಎಂಬ ಒಣ ಪ್ರಸ್ಥಭೂಮಿ ಇದೆ. ಅಲ್ಲಿನ ಒಂದು ವನ್ಯಧಾಮದಲ್ಲಿ ನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ರಜೆಗೆ ಊರಿಗೆ ಬಂದರೆ ಎಲ್ಲರೂ ಕೇಳುತ್ತಿದ್ದುದು ಸಿಂಹದ ಬಗ್ಗೆ. ನನ್ನ ದಿನ ಕಳೆಯುತ್ತಿದ್ದುದು ಮಾತ್ರ ಡೀಸೆಲ್ ಬಿಲ್ಲು, ಕೊಳವೆಬಾವಿಯ ಪಂಪು, ಗಸ್ತಿನವರ ಸಂಬಳ, ಪಕ್ಕದ ಊರಿನ ಮಕ್ಕಳ ಶಾಲಾ ಶುಲ್ಕ ಇವುಗಳ ನಡುವೆ. ಈಚೆಗೆ ನೈರೋಬಿಯಲ್ಲಿರುವ ಕನ್ನಡದ ಗೆಳೆಯರೊಬ್ಬರು ಇಂಥದೊಂದು ಟ್ರಸ್ಟಿಗೆ ಸೇರುವ ಮುನ್ನ, "ಏನೇನು ತಿಳಿದಿರಬೇಕು, ಒಂದಿಷ್ಟು ಬರೆದು ಕೊಡಿ" ಎಂದರು. ಅವರಿಗೆ ಬರೆದದ್ದನ್ನೇ ಹಿಗ್ಗಿಸಿ ಇಲ್ಲಿಟ್ಟಿದ್ದೇನೆ. ವನ್ಯಜೀವಿ ವಿಜ್ಞಾನ ಓದಿ ಆಫ್ರಿಕಾಕ್ಕೆ ಹೋಗುವ ಹುಡುಗ ಹುಡುಗಿಯರಿಗೂ, ದೂರದಿಂದ ದೇಣಿಗೆ ಕೊಡುವವರಿಗೂ ಉಪಯೋಗಕ್ಕೆ ಬಂದೀತು.

ಕೀನ್ಯಾದ ಕಾಡುಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕುತ್ತಿರುವುದು ರಾಷ್ಟ್ರೀಯ ಉದ್ಯಾನಗಳ ಹೊರಗೆ, ಖಾಸಗಿ ಜಮೀನಿನಲ್ಲಿ ಮತ್ತು ದನಗಾಹಿ ಸಮುದಾಯಗಳ ಸಾಮೂಹಿಕ ನೆಲದಲ್ಲಿ. ಅಂಥ ನೆಲವನ್ನು ವನ್ಯಜೀವಿಗೆಂದು ಮೀಸಲಿಟ್ಟರೆ ಅದನ್ನು ಅಲ್ಲಿ ಕನ್ಸರ್ವೆನ್ಸಿ ಎನ್ನುತ್ತಾರೆ, ನಾನು ವನ್ಯಧಾಮ ಎನ್ನುವುದು ಇದನ್ನೇ. ಬಂಡೀಪುರ, ನಾಗರಹೊಳೆಗಳಂತೆ ಅರಣ್ಯ ಇಲಾಖೆಯ ಸುಪರ್ದಿಯಲ್ಲಿ ಇರುವುದಿಲ್ಲ. ನೆಲದ ಒಡೆತನ ಒಬ್ಬರದು, ಅದರ ಮೇಲೆ ಓಡಾಡುವ ಪ್ರಾಣಿ ಸರಕಾರದ್ದು, ಬರಗಾಲದಲ್ಲಿ ಅದೇ ಹುಲ್ಲಿನ ಮೇಲೆ ಕಣ್ಣಿಟ್ಟ ದನ ಪಕ್ಕದವರದು. ಈ ಮೂವರನ್ನೂ ಒಟ್ಟಿಗೆ ಕೂಡಿಸದೆ ಅಲ್ಲಿ ಒಂದು ಜಿಂಕೆಯನ್ನೂ ಉಳಿಸಲಾಗದು.

ಮೊದಲು ಕಾಗದ, ಅದಕ್ಕೂ ಮೊದಲು ಒಪ್ಪಿಗೆ

2013ರ ವನ್ಯಜೀವಿ ಸಂರಕ್ಷಣೆ ಮತ್ತು ನಿರ್ವಹಣೆ ಕಾಯ್ದೆ ಕನ್ಸರ್ವೆನ್ಸಿಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ನೋಂದಣಿಗೆ ನಿರ್ವಹಣಾ ಯೋಜನೆ ಬೇಕು: ಯಾವ ನೆಲ, ಯಾವ ಪ್ರಾಣಿ, ನೀರೆಲ್ಲಿ, ದನಕ್ಕೆ ಎಷ್ಟು ಜಾಗ, ಯಾರು ಹೊಣೆ. ಸಂಸ್ಥೆಯನ್ನು ಟ್ರಸ್ಟ್ ಆಗಿಯೋ ಲಾಭ ಹಂಚದ ಕಂಪನಿಯಾಗಿಯೋ ಕಟ್ಟಬಹುದು. ಯಾವುದೇ ಆದರೂ ಉಳಿದ ಹಣ ಮತ್ತೆ ನೆಲಕ್ಕೇ ಹೋಗಬೇಕೆಂಬ ಷರತ್ತು ಮೂಲ ದಸ್ತಾವೇಜಿನಲ್ಲೇ ಇರಲಿ. ವಿದೇಶಿಯರಿಗೆ 2010ರ ಸಂವಿಧಾನದ ಪ್ರಕಾರ ನೆಲ ಸಿಗುವುದು ಗುತ್ತಿಗೆಗೆ ಮಾತ್ರ, ಅದೂ ಹೆಚ್ಚೆಂದರೆ 99 ವರ್ಷ. ನಮೀಬಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಬೇಟೆಯ ಪರವಾನಗಿಯಿಂದ ಹಣ ಬರುವುದನ್ನು ಕೇಳಿರುತ್ತೀರಿ. ಕೀನ್ಯಾದಲ್ಲಿ ಮೋಜಿನ ಬೇಟೆ 1977ರಿಂದಲೇ ನಿಷಿದ್ಧ. ಆ ಬಾಬ್ತನ್ನು ಲೆಕ್ಕದಿಂದ ಬಿಟ್ಟುಬಿಡಿ.

ಸಾಮೂಹಿಕ ನೆಲವಾದರೆ ಇನ್ನೂ ಹುಷಾರಾಗಿರಬೇಕು. 2016ರ ಸಮುದಾಯ ಭೂಮಿ ಕಾಯ್ದೆಯಂತೆ ಇಂಥ ಒಪ್ಪಂದಕ್ಕೆ ಸಮುದಾಯದ ಸಭೆಯಲ್ಲಿ ವಯಸ್ಕ ಸದಸ್ಯರ ಮೂರನೇ ಎರಡು ಪಾಲು ಒಪ್ಪಿಗೆ ಬೇಕು. ಮುಖಂಡರು ನಾಲ್ವರ ಸಹಿ ಹಾಕಿಸಿಕೊಂಡು ಕೆಲಸ ಶುರು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಜನವರಿಯಲ್ಲಿ ಉತ್ತರ ಕೀನ್ಯಾದ ಇಸಿಯೊಲೊ ಪಟ್ಟಣದ ಪರಿಸರ ಮತ್ತು ಭೂ ನ್ಯಾಯಾಲಯ ಕೊಟ್ಟ ತೀರ್ಪು ಇದೆ. ಜನರ ಸರಿಯಾದ ಪಾಲ್ಗೊಳ್ಳುವಿಕೆ ಇಲ್ಲದೆ ಕಟ್ಟಿದ್ದೆಂದು ಎರಡು ಕನ್ಸರ್ವೆನ್ಸಿಗಳನ್ನು ಅದು ಕಾನೂನುಬಾಹಿರ ಎಂದಿತು. ವರ್ಷಗಟ್ಟಲೆ ನಡೆದ ಕೆಲಸದ ಬುಡವೇ ಅಲುಗಾಡಿತು.

ಸಭೆಗೆ ಅಲ್ಲಿ ಬರಾಜಾ ಎನ್ನುತ್ತಾರೆ. ಮರದ ನೆರಳಲ್ಲಿ ನಡೆಯುತ್ತದೆ, ಬೆಳಗ್ಗೆ ಹತ್ತಕ್ಕೆ ಕರೆದರೆ ಮಧ್ಯಾಹ್ನ ಕಳೆಯುತ್ತದೆ, ಹಿರಿಯರು ಒಬ್ಬೊಬ್ಬರಾಗಿ ಎದ್ದು ಕೋಲೂರಿ ಮಾತಾಡುತ್ತಾರೆ. ನಾನು ಹೋದ ಮೊದಲ ಬರಾಜಾದಲ್ಲಿ ಸಂಬೂರು ಎಂಬ ದನಗಾಹಿ ಸಮುದಾಯದ ಹಿರಿಯರೊಬ್ಬರು ನಮ್ಮ ನಕ್ಷೆಯನ್ನು ನೆಲದ ಮೇಲೆ ಹಾಸಿಸಿ, ಬೇಲಿಯ ಗೆರೆಯ ಮೇಲೆ ಕೋಲಿಟ್ಟು ಕೇಳಿದರು: "ಮಗಾ, ಇದು ಆನೆ ಹೊರಗೆ ಬಾರದಂತೆ ಕಟ್ಟಿದ್ದೋ, ನನ್ನ ಹಸು ಒಳಗೆ ಹೋಗದಂತೆ ಕಟ್ಟಿದ್ದೋ?" ನಮ್ಮ ವ್ಯವಸ್ಥಾಪಕರು ಎರಡಕ್ಕೂ ಎಂದು ನಿಜ ಹೇಳಿದರು. ಅಲ್ಲಿಂದ ಚೌಕಾಸಿ ಶುರುವಾಯಿತು. ಬರದ ತಿಂಗಳುಗಳಲ್ಲಿ ಎಷ್ಟು ದನಕ್ಕೆ ಒಳಗೆ ಮೇಯಲು ಬಿಡುವುದು ಎಂಬ ಲಿಖಿತ ಒಪ್ಪಂದ ಆಗಿದ್ದು ಆ ಪ್ರಶ್ನೆಯಿಂದಲೇ. ಮಹಿಳೆಯರು ಬರಾಜಾದಲ್ಲಿ ಹಿಂದೆ ಕೂತು ಸುಮ್ಮನಿರುತ್ತಾರೆ. ಅವರ ಜೊತೆ ಬೇರೆಯಾಗಿ ಇನ್ನೊಂದು ದಿನ ಕೂತುಕೊಳ್ಳಿ. ನೀರು ಹೊರುವ, ಸೌದೆ ತರುವ ಕಾಲುದಾರಿಯಲ್ಲಿ ಆನೆ ಎಲ್ಲಿ ಎದುರಾಗುತ್ತದೆ ಎಂಬುದು ಅವರಿಗೆ ಗೊತ್ತು.

ಒಂದು ವರ್ಷ ಏನನ್ನೂ ತರಬೇಡಿ

ಹೊಸದಾಗಿ ಶುರು ಮಾಡಿದವರಿಗೆ ಘೇಂಡಾಮೃಗವನ್ನೋ ಚೀತಾವನ್ನೋ ತಂದು ಬಿಡುವ ಆತುರ ಇರುತ್ತದೆ, ದಾನಿಗಳೂ ಅದನ್ನೇ ಕೇಳುತ್ತಾರೆ. ದಯವಿಟ್ಟು ತಡೆಯಿರಿ. ಕೀನ್ಯಾದಲ್ಲಿ ಮಳೆ ಎರಡು ಹಂಗಾಮಿನದು, ಮಾರ್ಚ್‌ನಿಂದ ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಎರಡು ಮಳೆ, ಎರಡು ಒಣಗಾಲ ಪೂರ್ತಿ ನೋಡದೆ ನಿಮ್ಮ ನೆಲ ಎಷ್ಟು ಪ್ರಾಣಿಯನ್ನು ಸಾಕಬಲ್ಲದು ಎಂಬುದು ತಿಳಿಯುವುದಿಲ್ಲ. 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟಾಗ ಉತ್ತರ ಕೀನ್ಯಾದಲ್ಲಿ ದನ, ಜೀಬ್ರಾ, ಆನೆ ಎಲ್ಲವೂ ದೊಡ್ಡ ಸಂಖ್ಯೆಯಲ್ಲಿ ಸತ್ತವು.

2018ರ ಮಧ್ಯಭಾಗದಲ್ಲಿ 11 ಕಪ್ಪು ಘೇಂಡಾಮೃಗಗಳನ್ನು ತ್ಸಾವೊ ಪೂರ್ವ ಉದ್ಯಾನಕ್ಕೆ ಸಾಗಿಸಲಾಯಿತು. ಹೊಸ ಜಾಗದ ಕೊಳವೆಬಾವಿ ನೀರಿನಲ್ಲಿ ಉಪ್ಪು ಹೆಚ್ಚಿತ್ತು. ಕುಡಿದಷ್ಟೂ ದಾಹ ಹೆಚ್ಚಿ, ಮತ್ತೆ ಅದನ್ನೇ ಕುಡಿದು ಹತ್ತು ಒಂದೊಂದಾಗಿ ಬಿದ್ದವು, ಹನ್ನೊಂದನೆಯದರ ಮೇಲೆ ಸಿಂಹಗಳು ಎರಗಿದವು, ಕೊನೆಗೆ ಒಂದೂ ಉಳಿಯಲಿಲ್ಲ. ಆದ್ದರಿಂದ ನಿಮ್ಮ ಮೊದಲ ಖರ್ಚು ನೀರಿನ ಪರೀಕ್ಷೆಗೆ. ಪ್ರತಿ ಕೊಳವೆಬಾವಿ, ಪ್ರತಿ ಕೆರೆ, ಮಳೆಗಾಲದಲ್ಲಿ ಒಮ್ಮೆ, ಒಣಗಾಲದ ಕೊನೆಗೆ ಒಮ್ಮೆ. ವರದಿಯನ್ನು ಪಶುವೈದ್ಯರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.

ನೀರಿನ ತೊಟ್ಟಿಗಳನ್ನು ಕಂಡಕಂಡಲ್ಲಿ ಕಟ್ಟುವುದೂ ತಪ್ಪು. ತೊಟ್ಟಿಯ ಸುತ್ತ ಪ್ರಾಣಿಗಳು ಬೀಡುಬಿಟ್ಟು ಹುಲ್ಲು ಬೇರುಸಮೇತ ಹೋಗುತ್ತದೆ. ಒಂದು ತೊಟ್ಟಿಗೆ ನೀರು ಬಿಟ್ಟರೆ ಇನ್ನೊಂದನ್ನು ಒಣಗಲು ಬಿಡಿ, ಹುಲ್ಲಿಗೆ ಬಿಡುವು ಸಿಗುತ್ತದೆ.

ಆ ವರ್ಷವೇ ಪ್ರಾಣಿಗಣತಿ ಮಾಡಿ. ಗ್ರೆವಿ ಜೀಬ್ರಾ ಎಂಬ ಸಣ್ಣ ಗೆರೆಯ ಜೀಬ್ರಾ ಜಗತ್ತಿನಲ್ಲಿ ಸುಮಾರು 3,000 ಉಳಿದಿವೆ, ಬಹುಪಾಲು ಕೀನ್ಯಾದ ಉತ್ತರದಲ್ಲೇ. 2016ರಿಂದ ಅವುಗಳ ಗಣತಿಗೆ ಶಾಲಾ ಮಕ್ಕಳು, ಗಸ್ತಿನವರು, ಪ್ರವಾಸಿಗರು ಎಲ್ಲರೂ ಕ್ಯಾಮೆರಾ ಹಿಡಿದು ಹೊರಡುತ್ತಾರೆ. ನಿಯಮ ಸರಳ: ಪ್ರಾಣಿಯ ಬಲಮಗ್ಗುಲಿನ ಫೋಟೊ ತೆಗೆಯಬೇಕು. ಗೆರೆಗಳು ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ, ಕಂಪ್ಯೂಟರ್ ಅವನ್ನು ಹೊಂದಿಸಿ ನೋಡುತ್ತದೆ. ಕನ್ನಡಿಗರಿಗೆ ಇದು ಹೊಸದಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಯ ಪಟ್ಟೆಗಳನ್ನು ಕ್ಯಾಮೆರಾ ಟ್ರ್ಯಾಪಿನಲ್ಲಿ, ಅಂದರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾದಲ್ಲಿ ಹಿಡಿದು, ಮೊದಲ ಸಲ ಸಿಕ್ಕ ಹುಲಿ ಎರಡನೇ ಸಲ ಸಿಗುವ ಸಂಭವದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದರು. ಆ ತರ್ಕವೇ ಇಂದು ಆಫ್ರಿಕಾದ ಚಿರತೆಗಳ ಎಣಿಕೆಯಲ್ಲೂ ಇದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಈ ಕೆಲಸ ಕಲಿತ ಹುಡುಗರಿಗೆ ಲೈಕಿಪಿಯಾದಲ್ಲಿ ನಿಜಕ್ಕೂ ಬೆಲೆಯಿದೆ.

ಬೇಲಿ ಹಾಕುವುದಾದರೆ ಕಿಂಡಿ ಬಿಡಿ

ಸುತ್ತ ಭದ್ರವಾಗಿ ಮುಚ್ಚಿದ ಬೇಲಿಯೊಳಗೆ ಆನೆಗಳು ಬರಗಾಲದಲ್ಲಿ ಮರಗಳನ್ನೆಲ್ಲ ಮುರಿದುಹಾಕುತ್ತವೆ. ಪೂರ್ತಿ ತೆರೆದಿಟ್ಟರೆ ಘೇಂಡಾಮೃಗ ಹೊರಹೋಗಿ ಕಳ್ಳಬೇಟೆಗೆ ಸಿಕ್ಕುತ್ತದೆ. ಇದಕ್ಕೆ ಲೈಕಿಪಿಯಾದವರು ಕಂಡುಕೊಂಡ ಉಪಾಯ ನೋಡಿದರೆ ಸಂತೋಷವಾಗುತ್ತದೆ. ವಿದ್ಯುತ್ ಬೇಲಿಯ ನಡುವೆ ಅಗಲವಾದ ಕಿಂಡಿ ಬಿಟ್ಟು, ಆ ಜಾಗದಲ್ಲಿ ಮೊಣಕಾಲೆತ್ತರದ ಗೂಟಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ಆನೆ ಕಾಲೆತ್ತಿ ದಾಟುತ್ತದೆ, ಜಿರಾಫೆ ದಾಟುತ್ತದೆ, ಜೀಬ್ರಾ ನಡುವೆ ನುಸುಳುತ್ತದೆ. ಘೇಂಡಾಮೃಗ ಮಾತ್ರ ಅದನ್ನು ದಾಟುವುದಿಲ್ಲ. ಕಿಂಡಿಯಲ್ಲಿ ಒಂದು ಕ್ಯಾಮೆರಾ ಟ್ರ್ಯಾಪ್ ಕಟ್ಟಿದರೆ ಯಾವ ರಾತ್ರಿ ಯಾವ ಹಿಂಡು ಹೋಯಿತು, ಬಂತು ಎಂಬ ಲೆಕ್ಕವೂ ಸಿಗುತ್ತದೆ. ಲೆವಾ ವನ್ಯಧಾಮದಿಂದ ಮೌಂಟ್ ಕೀನ್ಯಾ ಕಾಡಿನತ್ತ ಹೋಗುವ ಆನೆಗಳಿಗೆಂದು ನಾನ್ಯುಕಿ-ಮೆರು ಹೆದ್ದಾರಿಯ ಅಡಿಯಲ್ಲಿ ಸುರಂಗದಾರಿಯನ್ನೇ ಕಟ್ಟಿದ್ದಾರೆ.

ಬೇಲಿಯ ಆಚೆಯ ಜೋಳದ ಹೊಲಗಳಿಗೆ ಜೇನುಬೇಲಿ ಒಳ್ಳೆಯದು. ಆನೆಗೆ ಜೇನುನೊಣದ ಭಯ ಇದೆ ಎಂಬುದನ್ನು ಹಿಡಿದು ಸಂಶೋಧಕಿ ಲೂಸಿ ಕಿಂಗ್ ಕೀನ್ಯಾದಲ್ಲೇ ಇದನ್ನು ರೂಪಿಸಿದರು. ತಂತಿಗೆ ಹತ್ತು ಮೀಟರಿಗೊಂದು ಗೂಡು ತೂಗುಹಾಕುತ್ತಾರೆ, ಆನೆ ತಂತಿ ತಳ್ಳಿದರೆ ಗೂಡುಗಳು ಅಲುಗಾಡಿ ನೊಣ ಹೊರಬೀಳುತ್ತವೆ. ಇದೇ ವಿಚಾರವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನಲ್ಲೂ, ನಾಗರಹೊಳೆಯ ಅಂಚಿನಲ್ಲಿ ಪ್ರಯೋಗಕ್ಕೆ ತಂದಿತು. ಬರ ಬಂದಾಗ ನೊಣ ಗೂಡು ಬಿಟ್ಟು ಹೋಗುತ್ತದೆ ಎಂಬುದು ಇದರ ಕೊರತೆ. ಹಾಗಾಗಿ ಗೂಡುಗಳ ಹತ್ತಿರ ನೀರಿಡುವ ಕೆಲಸವನ್ನು ಯಾರಿಗಾದರೂ ಸಂಬಳ ಕೊಟ್ಟು ಒಪ್ಪಿಸಿ.

ದನವನ್ನು ಹೊರಗಟ್ಟಬೇಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಸಂರಕ್ಷಣೆ ಎಂದರೆ ದನ ಇರಬಾರದು ಎಂದೇ ನಾನೂ ಅಂದುಕೊಂಡಿದ್ದೆ. ನಾನ್ಯುಕಿಯ ಹತ್ತಿರದ ಓಲ್ ಪೆಜೆಟಾ ಸುಮಾರು 90,000 ಎಕರೆಯ ಲಾಭರಹಿತ ವನ್ಯಧಾಮ. ಜಗತ್ತಿನಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಘೇಂಡಾಮೃಗಗಳು, ನಾಜಿನ್ ಮತ್ತು ಅವಳ ಮಗಳು ಫಾತು, ಇರುವುದು ಅಲ್ಲೇ. ಕೊನೆಯ ಗಂಡು ಸುಡಾನ್ 2018ರ ಮಾರ್ಚ್ 19ರಂದು ತೀರಿಕೊಂಡಿತು. ಅದೇ ನೆಲದ ಮೇಲೆ ಬೋರಾನ್ ತಳಿಯ ಸಾವಿರಾರು ದನಗಳೂ ಮೇಯುತ್ತವೆ.

ಹೇಗೆ ಎಂದರೆ: ಹಗಲು ದನಗಾಹಿಯ ಜೊತೆ ಮೇವು, ರಾತ್ರಿ ದೊಡ್ಡಿಯಲ್ಲಿ. ದೊಡ್ಡಿಗೆ ಅಲ್ಲಿ ಬೋಮಾ ಎನ್ನುತ್ತಾರೆ. ಹಿಂದೆ ಮುಳ್ಳುಕಂಟಿಯದಾಗಿತ್ತು, ಈಗ ಬಿಚ್ಚಿ ಜೋಡಿಸಬಹುದಾದ ಕಬ್ಬಿಣದ ಚೌಕಟ್ಟುಗಳು. ಸಿಂಹ ಒಳಗೆ ಬರಲಾಗದು, ದನ ಗಾಬರಿಯಿಂದ ಒಡೆದು ಹೊರಹೋಗಲೂ ಆಗದು. ದೊಡ್ಡಿಯನ್ನು ಜಾಗದಿಂದ ಜಾಗಕ್ಕೆ ಬದಲಿಸುತ್ತಾರೆ. ಬಿಟ್ಟುಬಂದ ಜಾಗದಲ್ಲಿ ಸಗಣಿ, ಗಂಜಲ ಬಿದ್ದ ಮಣ್ಣು ಸಾರವಾಗಿ, ಮುಂದಿನ ಮಳೆಗೆ ಎಳೆ ಹುಲ್ಲು ಬರುತ್ತದೆ. ಒಣಗಾಲದ ಬಣ್ಣಗೆಟ್ಟ ಬಯಲಿನಲ್ಲಿ ಆ ದುಂಡನೆಯ ಹಸಿರು ಮಚ್ಚೆ ದೂರದಿಂದಲೇ ಕಾಣುತ್ತದೆ, ಅದರ ತುಂಬ ಇಂಪಾಲ ಜಿಂಕೆಗಳು ನಿಂತಿರುತ್ತವೆ. ದಶಕಗಳ ಹಿಂದೆ ಯಾರೋ ದನ ಕಟ್ಟಿದ ಜಾಗ ಇಂದೂ ಹಾಗೇ ಗುರುತು ಸಿಗುತ್ತದೆ. ಉಣ್ಣಿಗೆ ಔಷಧಿ ಹಾಕಿದ ದನ ಮೇಯ್ದಲ್ಲಿ ಕಾಡುಪ್ರಾಣಿಗಳಿಗೂ ಉಣ್ಣಿಯ ಕಾಟ ಕಡಿಮೆ.

ಪಕ್ಕದ ಎಂಪಾಲಾ ಸಂಶೋಧನಾ ಕೇಂದ್ರದಲ್ಲಿ 1995ರಿಂದ ಒಂದು ಪ್ರಯೋಗ ನಡೆದಿದೆ. ತಲಾ 4 ಹೆಕ್ಟೇರಿನ 18 ತಾಕುಗಳು. ಕೆಲವಕ್ಕೆ ದನ ಮಾತ್ರ, ಕೆಲವಕ್ಕೆ ಕಾಡುಪ್ರಾಣಿ ಮಾತ್ರ, ಕೆಲವಕ್ಕೆ ಎರಡೂ, ಕೆಲವಕ್ಕೆ ಆನೆ ಜಿರಾಫೆ ಬಿಟ್ಟು ಉಳಿದವು. ಅದರಿಂದ ತಿಳಿದದ್ದು: ಒಣಗಾಲದಲ್ಲಿ ಕಾಡುಪ್ರಾಣಿ ಮತ್ತು ದನ ಮೇವಿಗೆ ಪೈಪೋಟಿ ಮಾಡುತ್ತವೆ, ಮಳೆಗಾಲದಲ್ಲಿ ಜೀಬ್ರಾದಂಥವು ಬಲಿತ ಹುಲ್ಲು ಮೇಯ್ದು ದನಕ್ಕೆ ಎಳೆಯದನ್ನು ಉಳಿಸಿ, ದನದ ತೂಕ ಹೆಚ್ಚುವಂತೆ ಮಾಡುತ್ತವೆ. ಈ ಫಲಿತಾಂಶವನ್ನು ನಮ್ಮ ನೆರೆಯ ದನಗಾಹಿಗಳಿಗೆ ಹೇಳಿದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ, ಅವರ ಅಜ್ಜಂದಿರಿಗೂ ಗೊತ್ತಿತ್ತಂತೆ. ಆದರೆ ಒಪ್ಪಂದದಲ್ಲಿ ಯಾವ ತಿಂಗಳು ಎಷ್ಟು ದನ ಎಂದು ಬರೆಯಲು ಇಬ್ಬರಿಗೂ ಆಧಾರ ಸಿಕ್ಕಿತು.

ಗಸ್ತು

ಕೀನ್ಯಾದಲ್ಲಿ 1970ರ ಸುಮಾರಿಗೆ 20,000 ಕಪ್ಪು ಘೇಂಡಾಮೃಗಗಳಿದ್ದವು. 1980ರ ದಶಕ ಮುಗಿಯುವಾಗ 400ರೊಳಗೆ ಇಳಿದಿದ್ದವು. ಲೆವಾ ಶುರುವಾದದ್ದೂ 1983ರಲ್ಲಿ, 5,000 ಎಕರೆಯ ಒಂದು ಸಣ್ಣ ಘೇಂಡಾಮೃಗ ಆಶ್ರಯವಾಗಿ. ಈಗಿರುವ ಘೇಂಡಾಮೃಗಗಳು ಹೆಚ್ಚುಕಡಿಮೆ ಪೂರ್ತಿ ಗಸ್ತಿನವರ ಕಾಲ್ನಡಿಗೆಯಿಂದ ಉಳಿದವು.

ಮುಂಜಾವಿನ ಆರಕ್ಕೆ ಗಸ್ತಿನವರ ಜೊತೆ ಒಮ್ಮೆ ಹೋಗಿ. ಚಳಿಗೆ ಹುಲ್ಲು ಒದ್ದೆಯಾಗಿರುತ್ತದೆ. ಗಾಳಿ ಯಾವ ಕಡೆಗಿದೆ ಎಂದು ಬೂದಿ ತುಂಬಿದ ಕಾಲುಚೀಲವನ್ನು ಅಲುಗಿಸಿ ನೋಡುತ್ತಾರೆ. ಪೊದೆಯ ಹಿಂದೆ ಒಂದು ಜೊತೆ ಕಿವಿ ಕಂಡರೆ ಸಾಕು, ದುರ್ಬೀನಿನಲ್ಲಿ ಕಿವಿಯಂಚಿನ ಕಚ್ಚುಗಳನ್ನು ಓದುತ್ತಾರೆ. ಬಲಗಿವಿಯ ತುದಿಯಲ್ಲಿ ಒಂದು, ಎಡಗಿವಿಯ ಬುಡದಲ್ಲಿ ಎರಡು, ಹೀಗೆ ಪ್ರತಿ ಜಾಗಕ್ಕೂ ಒಂದು ಅಂಕಿ, ಕೂಡಿದರೆ ಆ ಪ್ರಾಣಿಯ ಸಂಖ್ಯೆ. ನಮ್ಮಲ್ಲಿದ್ದ ನಿಯಮ ಇಷ್ಟು: ಯಾವ ಘೇಂಡಾಮೃಗವಾದರೂ ಮೂರು ದಿನ ಕಣ್ಣಿಗೆ ಬೀಳದಿದ್ದರೆ ಎಲ್ಲ ಕೆಲಸ ಬಿಟ್ಟು ಹುಡುಕಬೇಕು.

ಶಸ್ತ್ರ ಹಿಡಿಯಲು ಸರಕಾರದ ಪೊಲೀಸ್ ಮೀಸಲು ಪಡೆಯ ಮಾನ್ಯತೆ ಬೇಕು, ಅದಿಲ್ಲದೆ ಒಂದು ಬಂದೂಕೂ ನಿಮ್ಮ ನೆಲದ ಮೇಲೆ ಇರಬಾರದು. ಗಸ್ತಿನವರನ್ನು ಸುತ್ತಲಿನ ಎಲ್ಲ ಸಮುದಾಯಗಳಿಂದಲೂ ತೆಗೆದುಕೊಳ್ಳಿ. ಒಂದೇ ಬುಡಕಟ್ಟಿನವರಾದರೆ ಉಳಿದವರ ಕಣ್ಣಿಗೆ ಅದು ಸೈನ್ಯವಾಗುತ್ತದೆ. ಗಸ್ತಿನವರ ವಿರುದ್ಧದ ದೂರು ಕೇಳಲು ಸಂಸ್ಥೆಯ ಹೊರಗಿನ ಒಬ್ಬರನ್ನು ನೇಮಿಸಿ, ಅವರ ಫೋನ್ ನಂಬರನ್ನು ಪ್ರತಿ ಊರಿನ ಅಂಗಡಿಯಲ್ಲಿ ಅಂಟಿಸಿ. ಮಳೆಕೋಟು, ಬೂಟು, ವಿಮೆ ಇವು ಡ್ರೋನಿಗಿಂತ ಮೊದಲು ಬರಬೇಕು. ನಾವು ಒಂದು ವರ್ಷ ತಡಮಾಡಿ ಬೂಟು ಕೊಟ್ಟೆವು. ಆ ವರ್ಷ ಗಸ್ತಿನ ದೂರ ಎಷ್ಟು ಇಳಿದಿತ್ತು ಎಂಬುದು ನನ್ನ ಲೆಕ್ಕದ ಹಾಳೆಯಲ್ಲೇ ಕಾಣುತ್ತಿತ್ತು, ನನಗೆ ಅರ್ಥವಾದದ್ದು ಆಮೇಲೆ.

ಸಂಶೋಧಕರನ್ನು ಬರಮಾಡಿಕೊಳ್ಳುವಾಗ

ಹೊರಗಿನವರು ಸಂಶೋಧನೆ ಮಾಡಬೇಕಾದರೆ ರಾಷ್ಟ್ರೀಯ ವಿಜ್ಞಾನ ಆಯೋಗದ ಪರವಾನಗಿ, ವನ್ಯಜೀವಿ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಒಪ್ಪಿಗೆ, ಪ್ರಾಣಿಯನ್ನು ಮುಟ್ಟುವುದಾದರೆ ಕೀನ್ಯಾ ವನ್ಯಜೀವಿ ಸೇವೆಯ ಪಶುವೈದ್ಯರು ಬೇಕು. ರಕ್ತ, ಕೂದಲು, ಸಗಣಿಯ ಮಾದರಿ ದೇಶದಾಚೆ ಹೋಗುವುದಾದರೆ ಅದಕ್ಕೆ ಬೇರೆ ಪರವಾನಗಿಗಳಿವೆ. ಇವೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತವೆ, ವಿದ್ಯಾರ್ಥಿಗಳು ವಿಮಾನದ ಟಿಕೆಟ್ ತೆಗೆಯುವ ಮುನ್ನವೇ ಹೇಳಿಬಿಡಿ.

ನಿಮ್ಮ ಕಡೆಯಿಂದ ಮೂರು ಷರತ್ತು ಹಾಕಿ. ಪ್ರತಿ ಯೋಜನೆಯಲ್ಲೂ ಕೀನ್ಯಾದ ಒಬ್ಬ ವಿದ್ಯಾರ್ಥಿ ಹೆಸರಿನೊಂದಿಗೆ ಇರಬೇಕು. ದತ್ತಾಂಶದ ಪ್ರತಿ ವನ್ಯಧಾಮದಲ್ಲಿ ಉಳಿಯಬೇಕು. ಮುಗಿದ ಮೇಲೆ ಸ್ವಾಹಿಲಿಯಲ್ಲಿ ಬರಾಜಾದ ಮುಂದೆ ನಿಂತು ಹೇಳಬೇಕು. ಮೂರನೆಯದಕ್ಕೆ ಹಿಂಜರಿಯುವವರೇ ಹೆಚ್ಚು. ಬಿಡಬೇಡಿ.

ಸಂಶೋಧನೆ ನಿರ್ವಹಣೆಗೆ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇರುವೆಯ ಕಥೆ ಹೇಳುತ್ತೇನೆ. ಲೈಕಿಪಿಯಾದ ಕಪ್ಪು ಮಣ್ಣಿನ ತುಂಬ ಒಂದು ಜಾತಿಯ ಜಾಲಿ ಇದೆ. ಮುಳ್ಳಿನ ಬುಡ ಅಡಿಕೆ ಗಾತ್ರಕ್ಕೆ ಉಬ್ಬಿ ಟೊಳ್ಳಾಗಿರುತ್ತದೆ, ಗಾಳಿ ಬೀಸಿದರೆ ಸಿಳ್ಳೆ ಹೊಡೆಯುತ್ತದೆ. ಆ ಉಬ್ಬಿನಲ್ಲಿ ಇರುವೆಗಳ ಮನೆ. ಆನೆ ಕೊಂಬೆಗೆ ಸೊಂಡಿಲು ಹಾಕಿದರೆ ಇರುವೆ ಸೊಂಡಿಲೊಳಗೆ ಹೊಕ್ಕು ಕಚ್ಚುತ್ತದೆ, ಆನೆ ಬಿಟ್ಟು ಹೋಗುತ್ತದೆ. ಈಚಿನ ದಶಕಗಳಲ್ಲಿ ಹೊರಗಿನಿಂದ ಬಂದ ದೊಡ್ಡತಲೆಯ ಇರುವೆ ಈ ಕಾವಲಿನ ಇರುವೆಗಳನ್ನು ಕೊಂದುಹಾಕಿತು, ತಾನು ಮಾತ್ರ ಮರ ಕಾಯುವುದಿಲ್ಲ. ಆನೆಗಳು ಮರ ಮುರಿದವು, ಬಯಲು ತೆರೆದುಕೊಂಡಿತು, ಸಿಂಹಕ್ಕೆ ಅವಿತು ಕೂರಲು ಮರೆ ಇಲ್ಲವಾಯಿತು. ಓಲ್ ಪೆಜೆಟಾದಲ್ಲಿ ಸಿಂಹಗಳು ಕೊಂದ ಪ್ರಾಣಿಗಳಲ್ಲಿ ಜೀಬ್ರಾದ ಪಾಲು 2003ರಲ್ಲಿ ಶೇ. 67 ಇದ್ದದ್ದು 2020ಕ್ಕೆ ಶೇ. 42ಕ್ಕೆ ಇಳಿಯಿತು, ಅವು ಕಾಡೆಮ್ಮೆಯ ಬೇಟೆಗೆ ತಿರುಗಿದವು. ಈ ಅಧ್ಯಯನ 2024ರ ಜನವರಿಯಲ್ಲಿ ಪ್ರಕಟವಾಯಿತು.

ನಿಮ್ಮ ಕೆಲಸಕ್ಕೆ ಇದರಿಂದ ಬರುವುದು ಗೇಟಿನ ಒಂದು ನಿಯಮ. ಈ ಇರುವೆ ಜನರ ಸಾಮಾನಿನ ಜೊತೆ ಹರಡುತ್ತದೆ. ಕುಂಡದ ಗಿಡ, ಹೊರಗಿನ ಮಣ್ಣು ಒಳಗೆ ಬರಬಾರದು. ಅತಿಥಿಗೃಹದ ತೋಟಕ್ಕೆ ಹೂಗಿಡ ಬೇಕೆಂದು ಯಾರು ಕೇಳಿದರೂ ಬೇಡ ಎನ್ನಿ.

ರೋಗ ಮತ್ತು ಕಳ್ಳಿ

ಪಕ್ಕದ ಊರುಗಳ ನಾಯಿಗಳಿಗೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಕನಿಷ್ಠ ಶೇ. 70ರಷ್ಟು ನಾಯಿಗಳಿಗೆ. ಮಕ್ಕಳೂ ಉಳಿಯುತ್ತಾರೆ, ಆಫ್ರಿಕಾದ ಕಾಡುನಾಯಿಗಳೂ ಉಳಿಯುತ್ತವೆ. ಇನ್ನು ಪಾಪಾಸುಕಳ್ಳಿ: ಅಮೆರಿಕ ಮೂಲದ ಈ ಗಿಡ ಲೈಕಿಪಿಯಾದ ಉತ್ತರದಲ್ಲಿ ಮೇವಿನ ನೆಲವನ್ನು ನುಂಗುತ್ತಿದೆ. ಆನೆಗಳು, ಕೋತಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಕಡಿದು ಬಿಸಾಡಿದರೆ ತುಂಡು ಬಿದ್ದಲ್ಲೆಲ್ಲ ಚಿಗುರುತ್ತದೆ. ಅದನ್ನು ಹೀರಿ ಒಣಗಿಸುವ ಒಂದು ಹುಳುವನ್ನು ಅಲ್ಲಿ ಬಿಟ್ಟಿದ್ದಾರೆ, ಹುಳು ಹತ್ತಿದ ತುಂಡುಗಳನ್ನು ಹೊಸ ಪೊದೆಗಳ ಮೇಲೆ ಇಡುವ ಕೂಲಿಯನ್ನು ನೆರೆಯ ಮಹಿಳಾ ಸಂಘಗಳಿಗೆ ಕೊಡಿ.

ಹಣ

2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತ ದಿನ ಕೀನ್ಯಾದ ವನ್ಯಧಾಮಗಳಿಗೆ ಪ್ರವಾಸಿಗರ ದುಡ್ಡು ನಿಂತಿತು. ಪ್ರಾಣಿಗೂ ಗಸ್ತಿಗೂ ಅಂದು ರಜೆಯಿರಲಿಲ್ಲ. ಆದಾಯದ ಅರ್ಧಕ್ಕಿಂತ ಹೆಚ್ಚು ಒಂದೇ ಮೂಲದಿಂದ ಬರುತ್ತಿದ್ದರೆ ನಿಮ್ಮ ಸಂಸ್ಥೆ ಅಪಾಯದಲ್ಲಿದೆ ಎಂದೇ ತಿಳಿಯಿರಿ. ಪ್ರವೇಶ ಶುಲ್ಕ, ವಸತಿಗೃಹದ ಗುತ್ತಿಗೆ, ದನದ ಮಾರಾಟ, ಸಂಶೋಧಕರ ವಾಸದ ಶುಲ್ಕ, ದೇಣಿಗೆ ಎಲ್ಲವೂ ಸೇರಲಿ. ಲೆವಾದಲ್ಲಿ 2000ದಿಂದ ಪ್ರಾಣಿಗಳ ನಡುವೆಯೇ ಮ್ಯಾರಥಾನ್ ಓಡಿಸಿ ಶಾಲೆ, ಆಸ್ಪತ್ರೆಗಳಿಗೆ ಹಣ ಕೂಡಿಸುತ್ತಾರೆ. ಆರು ತಿಂಗಳ ಸಂಬಳವನ್ನು ಮುಟ್ಟದ ಖಾತೆಯಲ್ಲಿಡಿ.

ದಾನಿಗಳು ಪ್ರಾಣಿಯ ಜಾಡು ಹಿಡಿಯಲು ಕೊರಳಿಗೆ ಹಾಕುವ ಕಾಲರಿಗೆ, ಡ್ರೋನಿಗೆ, ಮರಿಗೆ ಹೆಸರಿಡಲು ಕೊಡುತ್ತಾರೆ. ಡೀಸೆಲಿಗೆ ಯಾರೂ ಕೊಡುವುದಿಲ್ಲ. ಒಂದು ಉದ್ದೇಶಕ್ಕೆ ಬಂದದ್ದನ್ನು ಇನ್ನೊಂದಕ್ಕೆ ತಿರುಗಿಸುವ ಸೆಳೆತ ಆಗ ಬರುತ್ತದೆ. ಪ್ರತಿ ದೇಣಿಗೆಗೂ ಬೇರೆ ಲೆಡ್ಜರ್ ಇಡಿ, ಅರ್ಜಿ ಬರೆಯುವಾಗಲೇ ಡೀಸೆಲು, ಸಂಬಳದ ಪಾಲನ್ನು ಸೇರಿಸಿ ಕೇಳಿ, ಮುಚ್ಚಿಡಬೇಡಿ. ಭಾರತದಿಂದ ದೇಣಿಗೆ ಕಳಿಸುವವರು ನೆನಪಿಡಬೇಕಾದ್ದು, 80ಜಿ ತೆರಿಗೆ ವಿನಾಯಿತಿ ವಿದೇಶದ ಸಂಸ್ಥೆಗೆ ನೇರ ಕೊಟ್ಟ ಹಣಕ್ಕೆ ಸಿಗುವುದಿಲ್ಲ.

ಆನೆ, ಸಿಂಹದಿಂದ ಜೀವ ಹೋದರೆ 2013ರ ಕಾಯ್ದೆ 50 ಲಕ್ಷ ಕೀನ್ಯಾ ಶಿಲಿಂಗ್ ಪರಿಹಾರ ಹೇಳುತ್ತದೆ. ಅದು ಕೈಸೇರಲು ವರ್ಷಗಳೇ ಹಿಡಿಯಬಹುದು. ಅಂಥ ಮನೆಗೆ ಅದೇ ವಾರ ದವಸ, ಮಕ್ಕಳ ಶುಲ್ಕ, ಅರ್ಜಿ ತುಂಬಿಸಲು ಒಬ್ಬ ಗುಮಾಸ್ತ, ಇಷ್ಟಕ್ಕಾದರೂ ನಿಮ್ಮ ಬಜೆಟ್ಟಿನಲ್ಲಿ ಮೊದಲ ಸಾಲಿನಲ್ಲೇ ಹಣ ಇರಲಿ. ವ್ಯವಸ್ಥಾಪಕರು ತಾವೇ ಹೋಗಬೇಕು, ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗಬೇಕು. ನಮ್ಮಲ್ಲಿ ಒಮ್ಮೆ ಎರಡು ವಾರ ತಡವಾಗಿ ಹೋದೆವು. ಆ ತಾಯಿ ಚಹಾ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಮುಂದಿನ ಬರಾಜಾಕ್ಕೆ ಆ ಊರಿನಿಂದ ಯಾರೂ ಬರಲಿಲ್ಲ.